ದೇವಿಯ ತಗಡಿನ ಹಿಂದೆ

ದೇವದಾಸನ ಮಗ ವರುಣ ವಿಮಾನ ಸಮೇತ ಪಿಂಪಳಗಾಂವ್ ಬಸವಂತದ ದ್ರಾಕ್ಷಿ ತೋಟಕ್ಕೆ ಬಿದ್ದು ಸತ್ತು, ವೈಕುಂಠ ಸಮಾರಾಧನೆಯೂ ಮುಗಿದಿತ್ತು. ನಾಶಿಕದಲ್ಲಿ ಇಡ್ಲಿ-ವಡೆ ಮಾರಿ ಬದುಕಿದವರಿಗೆ ಆಕಾಶದ ಹುಚ್ಚು ಯಾಕೆ ಬೇಕಿತ್ತು ಎಂದರು ಜನ. ಅನ್ನಲಿ, ಊರ ಬಾಯಿಗೆ ಬೀಗ ಹಾಕುವವರು ಯಾರು? ಹುಚ್ಚೇನೋ ನಿಜ. ವರುಣನೂ ಸಂಭಾಜಿನಗರದಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಪ್ರಭಾಕರನೂ ಬಿಡಿಭಾಗ ತರಿಸಿ, ಒಂದೇ ಶೆಡ್ಡಿನಲ್ಲಿ ಕೈಯಾರೆ ಎರಡು ಪುಟ್ಟ ವಿಮಾನ ಜೋಡಿಸಿದ್ದರು. ಅವಳಿ ಮಕ್ಕಳ ಹಾಗಿದ್ದವು ಅವು.

ಗಾಳಿಗೆ ಸಿಕ್ಕಿ ಬಿದ್ದಿತು ಎಂದೇ ಎಲ್ಲರೂ ನಂಬಿದ್ದರು. ಇವತ್ತು ಬೆಳಿಗ್ಗೆ ತನಿಖೆಯವರು ದೇವದಾಸನನ್ನು ಕರೆಸಿ, ರೆಕ್ಕೆಗೆ ಕೆಳಗಿನಿಂದ ಆಧಾರ ಕೊಡುವ ಅಲ್ಯೂಮಿನಿಯಂ ಕೊಳವೆಯನ್ನು ತೋರಿಸಿದರು. ಅದು ಮುರಿದದ್ದು ಒಂದು ಸ್ಕ್ರೂ ತೂತಿನ ಹತ್ತಿರ. ಸ್ಕ್ರೂ ಕೊಳವೆಗೆ ಬಡಿದಿದ್ದ, ದೇವಿಯ ಚಿತ್ರವಿದ್ದ ಹಿತ್ತಾಳೆ ತಗಡಿನದು. ದೇವದಾಸನ ಹೆಂಡತಿ ಕುಸುಮಾವತಿ ಹಟ ಹಿಡಿದು ಎರಡೂ ವಿಮಾನಕ್ಕೆ ಅಂಥ ತಗಡು ಹಾಕಿಸಿದ್ದಳು. ಹಾರಾಟಕ್ಕೆ ಮೊದಲು ತಪಾಸಣೆಗೆ ಬಂದ ಪುಣ್ಯಾತ್ಮ ಒಂದೊಂದು ಬೋಲ್ಟನ್ನೂ ಅಲುಗಾಡಿಸಿ ನೋಡಿದ್ದ. ತಗಡಿನ ಎದುರು ಮಾತ್ರ ಬೂಟು ಕಳಚಿ, ಕೈಮುಗಿದು ಮುಂದೆ ಹೋಗಿದ್ದ. ಬಿಚ್ಚಿ ನೋಡಿದ್ದರೆ ಅದರ ಹಿಂದಿದ್ದ ಬಿರುಕು ಕಾಣುತ್ತಿತ್ತು. ದೇವರನ್ನು ಬಿಚ್ಚಿ ನೋಡಬೇಕೆಂದು ಯಾವ ಬಡ್ಡಿಮಗನಿಗೆ ತೋಚುತ್ತದೆ ಹೇಳಿ.

ಸತ್ತರೂ ಇದನ್ನು ಹೆಂಡತಿಗೆ ಹೇಳಬಾರದು ಎಂದುಕೊಂಡೇ ದೇವದಾಸ ಮನೆಗೆ ಬಂದ. ಬಂದವನಿಗೆ ಅವಳೇ ಹೇಳಿದಳು, "ಪ್ರಭಾಕರ ಫೋನ್ ಮಾಡಿದ್ದ. ವರುಣನ ಹೆಸರಲ್ಲಿ ಸಿಲ್ಲೋಡಿನವರೆಗೆ ಒಂದು ಸುತ್ತು ಹಾರಿ ಬರ್ತಾನಂತೆ. ಈಗಲೇ ಹೊರಟಿದ್ದಾನೆ."

ದೇವದಾಸ ನಿಂತಲ್ಲೇ ಅವನಿಗೆ ಫೋನ್ ಹಚ್ಚಿದ. ಆ ಕಡೆ ಇಂಜಿನ್ ಸದ್ದು ಕೇಳುತ್ತಿತ್ತು.

"ಹಾರಬೇಡ ಮಾರಾಯ."

"ಯಾಕೆ ದೇವಣ್ಣ? ಮೊನ್ನೆಯಷ್ಟೇ ತಪಾಸಣೆ ಆಗಿದೆ. ಮೇಲಿಂದ ತಗಡಿನಲ್ಲಿ ಅಮ್ಮ ಇದ್ದಾಳಲ್ಲ."

"ಬೇಡ ಅಂದ್ರೆ ಬೇಡ."

"ನಿಮ್ಮ ಸಂಕಟ ಗೊತ್ತುಂಟು. ಹೆದರಬೇಡಿ, ಬಂದು ಫೋನ್ ಮಾಡ್ತೇನೆ."

ಹೊರಗೆ ಹೋಗಿ ಮಾತಾಡೋಣವೆಂದರೆ ಕುಸುಮಾವತಿ ಬಾಗಿಲಲ್ಲೇ ನಿಂತಿದ್ದಳು. ಒಬ್ಬರ ಜೀವ ಉಳಿಸಬೇಕಾದರೆ ಇನ್ನೊಬ್ಬರ ಎದೆ ಒಡೆಯಬೇಕು. ಎಂಥ ಕರ್ಮ ನೋಡಿ. ದೇವದಾಸ ಗೋಡೆಗೆ ಮುಖ ಮಾಡಿದ.

"ಅಮ್ಮನ ತಗಡು ಬಿಚ್ಚಿ ನೋಡು. ಆ ಸ್ಕ್ರೂ ತೂತಿನಿಂದಲೇ ನನ್ನ ಮಗನ ರೆಕ್ಕೆ ಮುರಿದದ್ದು."

ಇಂಜಿನ್ ನಿಂತಿತು. ಸ್ಕ್ರೂ ಬಿಚ್ಚುವ ಸದ್ದು ಕೇಳಿಸಿ, ಆಮೇಲೆ ಪ್ರಭಾಕರನ ದನಿ ಬಂತು. "ಇಲ್ಲೂ ಬಿರುಕು ಉಂಟು ದೇವಣ್ಣ. ಅಮ್ಮನೇ ನಿಮ್ಮ ಬಾಯಲ್ಲಿ ನುಡಿಸಿ ನನ್ನನ್ನು ಉಳಿಸಿದಳು. ಕುಸುಮಕ್ಕನಿಗೆ ಹೇಳಿ."

ಹೇಳುವುದೆಂತದು? ಎಲ್ಲ ಕೇಳಿಸಿಕೊಂಡ ಕುಸುಮಾವತಿ ಹೊಸ್ತಿಲ ಮೇಲೆ ಕೂತಿದ್ದಳು. ಅತ್ತರೆ ಸಮಾಧಾನ ಮಾಡಬಹುದೆಂದು ದೇವದಾಸ ಹತ್ತಿರ ಹೋದ. ಅವಳು ಅಳಲಿಲ್ಲ.

"ಕೊಳವೆಗೆ ತೂತು ಹೊಡೆಯಬಾರದಮ್ಮ ಅಂತ ವರುಣ ಹೇಳಿದ್ದ," ಎಂದಳು. "ನಾನು ಊಟ ಬಿಟ್ಟು ಕೂತೆ. ಆಮೇಲೆ ಅವನೇ ಡ್ರಿಲ್ ಹಿಡಿದುಕೊಂಡು ಬಂದ."