ಬರಣಿಯಲ್ಲಿದ್ದ ಗಿಡ

ಬರ್ನಬಾಸ ಮಾಸ್ತರರು ಅರ್ಧ ಆಯುಷ್ಯ ಸಂಸಾರ ಮಾಡಿದರೂ ಅಡುಗೆಮನೆಯ ಹೊಸ್ತಿಲು ದಾಟಿದ್ದು ಕಡಿಮೆ. ಚಹಾ ಹೊಸ್ತಿಲಿಗೇ ಬರುತ್ತಿತ್ತು, ಅವರು ಹೊಸ್ತಿಲಿನಿಂದಲೇ ತಿರುಗುತ್ತಿದ್ದರು. ಮಗಳು ಫೇತಳ ಬಾಣಂತನಕ್ಕೆಂದು ಹೆಂಡತಿ ನವೊಮಿ ಹೈದರಾಬಾದಿಗೆ ಹೊರಟಾಗ ಬೀದರಿನ ಚಿದ್ರಿ ಬಡಾವಣೆಯ ಆ ಮನೆ ಪೂರ್ತಿ ಅವರ ಕೈಗೆ ಬಂತು. ಬಸ್ ಹತ್ತುವ ಗಡಿಬಿಡಿಯಲ್ಲಿ ಆಕೆ ಹೇಳಿದ್ದು ಇಷ್ಟೇ: ಗಿಡ ನೋಡಿಕೊಳ್ಳಿ, ದಿನಾ ಒಂದು ಚಮಚ ಸಕ್ಕರೆ ಮರೆಯಬೇಡಿ, ಅದು ನಮ್ಮವ್ವ ಕೊಟ್ಟದ್ದು.

ಮಾಸ್ತರರು ಮರೆಯಲಿಲ್ಲ. ಹಿತ್ತಲಿನ ಕುಂಡದಲ್ಲಿ ಹಸಿಶುಂಠಿಯ ಗಿಡವಿತ್ತು. ಪ್ರತಿ ಈಸ್ಟರಿಗೆ ನವೊಮಿ ಶುಂಠಿಯ ಬಿಯರು ಮಾಡುತ್ತಿದ್ದಳು. ಹೆಂಡ ಮುಟ್ಟದ ಮೆಥಡಿಸ್ಟ್ ಕ್ರೈಸ್ತರ ಮನೆಯಲ್ಲಿ ಆ ಹೆಸರು ಬಾಯಿಬಿಟ್ಟು ಹೇಳಲಾಗದೆ ಎಲ್ಲರೂ ಅದನ್ನು ಅದ್ರಕ ಪಾನಿ, ಅಂದರೆ ಶುಂಠಿ ನೀರು, ಎನ್ನುತ್ತಿದ್ದರು. ಅದು ಈ ಕುಂಡದ ಗಿಡದಿಂದಲೇ ಆಗುತ್ತದೆಂದು ಮಾಸ್ತರರ ತಿಳಿವಳಿಕೆ. ರೈತರು ಬೆಲ್ಲ ಕಲಸಿ ಬೆಳೆಗೆ ಹಾಕುತ್ತಾರೆಂದು ಎಲ್ಲೋ ಕೇಳಿದ್ದರು. ಬೆಲ್ಲ ನಡೆದರೆ ಸಕ್ಕರೆ ಯಾಕೆ ನಡೆಯಬಾರದು? ದಿನಾ ಮುಂಜಾನೆ ಬುಡಕ್ಕೆ ಒಂದು ಚಮಚ ಸಕ್ಕರೆ ಉದುರಿಸಿ, ಮೇಲೊಂದು ತಂಬಿಗೆ ನೀರು ಹೊಯ್ದರು. ಚಿದ್ರಿಯ ಇರುವೆಗಳಿಗೆ ಸುಗ್ಗಿಯಾಯಿತು.

ಇತ್ತ ಅಡುಗೆಮನೆಯ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಬರಣಿಯೊಂದಿತ್ತು. ತಳದಲ್ಲಿ ಬಿಳಿ ಗಸಿ, ಮೇಲೆ ಕದಡಿದ ನೀರು, ಹುಳಿ ವಾಸನೆ. ಏನೋ ಕೆಟ್ಟುಹೋಗಿದೆ, ಹೆಂಡತಿ ಬರುವುದರೊಳಗೆ ಸ್ವಚ್ಛ ಮಾಡಿಟ್ಟು ಶಹಬ್ಬಾಸಗಿರಿ ಪಡೆಯೋಣ ಎಂದು ಮಾಸ್ತರರು ಅದನ್ನು ಮೋರಿಗೆ ಚೆಲ್ಲಿ, ಬರಣಿಗೆ ಬೂದಿ ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದರು.

ಆ ಸಂಜೆ ನವೊಮಿಯ ಫೋನು ಬಂತು. ಮೊಮ್ಮಗಳ ಮೂಗು ಯಾರದು, ಕಿವಿ ಯಾರದು ಎಂಬುದೆಲ್ಲ ಮುಗಿದ ಮೇಲೆ ಆಕೆ ಕೇಳಿದಳು: "ಗಿಡ ಗುಳುಗುಳು ಅನ್ಲತ್ತದ ಇಲ್ರಿ?"

ಮಾಸ್ತರರು ಕಿಟಕಿಯಿಂದ ಕುಂಡವನ್ನು ನೋಡಿದರು. ಗಿಡ ಸುಮ್ಮನೆ ನಿಂತಿತ್ತು. "ಗಿಡ ಹ್ಯಾಂಗ ಗುಳುಗುಳು ಅಂತದ?"

"ಬರಣ್ಯಾಗಿನ ಗಿಡರೀ. ಅವ್ವನ ಗಿಡ."

ಮಿಶನ್ ಆಸ್ಪತ್ರೆಯ ಕಾಲದಲ್ಲಿ ಯಾರೋ ನರ್ಸಮ್ಮ ನವೊಮಿಯ ತಾಯಿಗೆ ಕೊಟ್ಟ ಹುದುಗು ಅದು, ಜೀವಂತ ಖಮೀರ. ಸಕ್ಕರೆ ತಿಂದು, ಶುಂಠಿ ತಿಂದು ಬೆಳೆಯುತ್ತಲೇ ಇರುತ್ತದೆ; ಬೆಳೆಯುತ್ತದೆಂದೇ ಅದಕ್ಕೆ ಗಿಡ ಎನ್ನುವುದು. ಮೇಲಿನ ತಿಳಿ ಬಸಿದು, ನಿಂಬೆರಸ, ಸಕ್ಕರೆ ನೀರು ಬೆರೆಸಿ ಬಾಟಲಿಗೆ ತುಂಬಿದರೆ ಅದ್ರಕ ಪಾನಿ. ಗಸಿಯಲ್ಲಿ ಅರ್ಧ ಮತ್ತೆ ಬರಣಿಗೆ, ಅರ್ಧ ಕೇಳಿದವರಿಗೆ. ತಾಯಿ ತೀರಿಹೋದ ಮೇಲೆ ಆಕೆಯ ಕೈಯದು ಎಂದು ನವೊಮಿಯ ಬಳಿ ಉಳಿದದ್ದು ಇದೊಂದೇ. ಇದನ್ನೆಲ್ಲ ಆಕೆ ಹಿಂದೆಯೂ ಹೇಳಿದ್ದಳೇನೋ. ಮಾಸ್ತರರು ಪೇಪರಿನ ಹಿಂದಿನಿಂದ ಹ್ಞೂಂ ಎಂದಿದ್ದರೇನೋ. ಈಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಕುಳಿತಿದ್ದರು. ಬಾಯಿಂದ ಮಾತ್ರ "ಚಲೋ ಅದ" ಎಂದು ಬಂತು.

ಮರುದಿನ ಗಾಂಧಿ ಗಂಜ್ ಮಾರುಕಟ್ಟೆಯ ಅಂಗಡಿಯೊಂದರಿಂದ ಬೇಕರಿಯವರು ಬಳಸುವ ಯೀಸ್ಟಿನ ಪೊಟ್ಟಣ ತಂದು, ಬರಣಿಯ ಸಕ್ಕರೆ ನೀರಿಗೆ ಸುರಿದರು. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮಧ್ಯಾಹ್ನದ ಹೊತ್ತಿಗೆ ಬುರುಗು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದು, ಮನೆ ತುಂಬ ಬನ್ನಿನ ವಾಸನೆ ಎದ್ದಿತು. ನವೊಮಿ ನರ್ಸಾಗಿದ್ದವಳು; ವಾರ್ಡಿನ ಬಾಗಿಲಲ್ಲಿ ನಿಂತು ಮೂಗಿನಿಂದಲೇ ಕಾಯಿಲೆ ಹಿಡಿಯುತ್ತಿದ್ದವಳ ಮುಂದೆ ಈ ಆಟ ನಡೆಯದು. ಮಾಸ್ತರರಿಗೆ ಅಳುವೇ ಬಂತು. ನಿನ್ನ ತಾಯಿ ಕೊಟ್ಟದ್ದನ್ನು ಮೋರಿಗೆ ಚೆಲ್ಲಿದೆ ಎಂದು ಯಾವ ಬಾಯಿಂದ ಹೇಳುವುದು?

ಹಂಚಿದ ಅರ್ಧ ಎಲ್ಲಾದರೂ ಉಳಿದಿರಬೇಕೆಂದು ಹುಡುಕಿ ಹೊರಟರು. ಭಾಲ್ಕಿಯಲ್ಲಿ ಅವರ ತಂಗಿ ಜೆನಿಫರಳಿಗೆ ಸಿಕ್ಕಿದ್ದ ಪಾಲು ಎಂದೋ ಹಾಳಾಗಿ, ಆ ಬರಣಿಗೆ ಉಪ್ಪಿನಕಾಯಿ ಬಂದು ಕುಳಿತಿತ್ತು. ಆಕೆ ಅಣ್ಣನ ಮುಖ ನೋಡಿ ನಗು ತಡೆದು, ಉಣ್ಣಲು ಬಡಿಸಿ, ಔರಾದಿನ ಸುಭದ್ರಾಬಾಯಿಯ ಹೆಸರು ಹೇಳಿದಳು. ನವೊಮಿಯ ಕೈಕೆಳಗೆ ಕೆಲಸ ಕಲಿತ ನರ್ಸು ಆಕೆ. ಈಗ ನಿವೃತ್ತಳಾಗಿ ಗಂಡ ಕಾಶೀರಾಮನ ಜೊತೆ ಹೊಲ ನೋಡಿಕೊಂಡಿದ್ದಳು. ಮಾಸ್ತರರು ಅಲ್ಲಿಂದಲೇ ಔರಾದಿನ ಬಸ್ ಹಿಡಿದರು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಹೆಂಗಸಿನ ದನಿ ಕೇಳಿತು: "ನವೊಮಕ್ಕಗ ಸಕ್ರಿ ಹಾಕಿದ್ರೇನು? ಮೊದಲ ಅಕ್ಕಗ, ಆಮ್ಯಾಲ ನಿಮಗ ಚಹಾ."

ಮಾಸ್ತರರು ಬೆಚ್ಚಿ ನಿಂತರು. ಹೈದರಾಬಾದಿನಲ್ಲಿರುವ ಹೆಂಡತಿ ಇಲ್ಲಿಗೆ ಯಾವಾಗ ಬಂದಳು? ಒಳಗೆ ಹೋದರೆ ಕಾಶೀರಾಮ ಚಮಚ ಹಿಡಿದು ಬರಣಿಯೊಂದರ ಮುಂದೆ ನಿಂತಿದ್ದ. ಬರಣಿಯೊಳಗೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

ಮಾಸ್ತರರು ತಪ್ಪನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡರು. ಕುಂಡಕ್ಕೆ ಸಕ್ಕರೆ ಹಾಕಿದ್ದು ಕೇಳಿ ಕಾಶೀರಾಮ ಮುಖ ತಿರುಗಿಸಿ ನಕ್ಕ. ಸುಭದ್ರಾಬಾಯಿ ನಗಲಿಲ್ಲ. ಬರಣಿಯ ಗಸಿಯನ್ನು ಎರಡು ಪಾಲು ಮಾಡುತ್ತ ಮಾತಾಡಿದಳು.

"ನಾ ಎರಡ ಸಲ ಇದನ್ನ ಸಾಯಿಸೀನಿ ಮಾಸ್ತರ್ರಿ. ಒಂದ ಸಲ ಸುಡೋ ನೀರು ಹೊಯ್ದೆ, ಇನ್ನೊಂದ ಸಲ ಮರತೇ ಬಿಟ್ಟೆ. ಅಕ್ಕ ಏನೂ ಅನ್ಲಿಲ್ಲ, ಮತ್ತ ಕೊಟ್ರು. ನೌಕರಿಗಿ ಹೊಸದಾಗಿ ಬಂದಾಗ ಸೂಜಿ ಹಿಡಿಲಾಕ ನನ್ನ ಕೈ ನಡಗ್ತಿತ್ತು. ಆಗೂ ಹಿಂಗೇ. ಬೈಲಿಲ್ಲ, ಮತ್ತ ಮತ್ತ ತೋರ್ಸಿದ್ರು. ಅದಕ್ಕ ಈ ಮನ್ಯಾಗ ಇದಕ್ಕ ಅವರದೇ ಹೆಸರು. ದಿನಾ ಅವರ ಹೆಸರ ತಗೋತೇವಿ."

ಮಾಸ್ತರರು ತಮಗಿಂತ ಕಿರಿಯಳಾದ ಆ ಹೆಂಗಸಿಗೆ ಎರಡೂ ಕೈ ಎತ್ತಿ ಮುಗಿದರು.

ಬಟ್ಟೆಯನ್ನಷ್ಟೇ ಕಟ್ಟಿ, ಮುಚ್ಚಳ ಬಿಗಿದರೆ ಗ್ಯಾಸು ತುಂಬಿ ಸಿಡಿಯುತ್ತದೆ ಎಂದು ಸುಭದ್ರಾಬಾಯಿ ಎಚ್ಚರಿಸಿದ್ದಳು. ಬೀದರಿನ ತನಕ ಒಂದು ಪಾಲು ತುಂಬಿದ ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ತಗ್ಗಿಗೂ ಬಟ್ಟೆಯ ಮೇಲೆ ಅಂಗೈ ಮುಚ್ಚಿ ದೇವರನ್ನು ನೆನೆದರು. ಆಮೇಲೆ ದಿನಾ ತಪ್ಪದೆ ಸಕ್ಕರೆ, ತುರಿದ ಶುಂಠಿ ಹಾಕಿದರು, ಈ ಸಲ ಬರಣಿಗೇ. ಗುಳ್ಳೆ ಕಡಿಮೆಯಾದರೆ ಬರಣಿಗೆ ಕಿವಿ ಹಚ್ಚಿ ಕೂರುತ್ತಿದ್ದರು. ಬಿಸಿಲು ಏರಿದರೆ ಒದ್ದೆ ಬಟ್ಟೆ ಸುತ್ತಿದರು. ಸುಮ್ಮನಿದ್ದುಬಿಟ್ಟರೆ ನವೊಮಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಆದರೆ ಆಕೆ ಬಂದು, ಚೀಲ ಇಳಿಸಿ, ಬರಣಿಗೆ ಕಿವಿಗೊಟ್ಟು, ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದಾಗ ಆ ಹೊಗಳಿಕೆಯನ್ನು ಮಾಸ್ತರರು ಇಟ್ಟುಕೊಳ್ಳಲಿಲ್ಲ. ಎಲ್ಲ ಹೇಳಿಬಿಟ್ಟರು. ಮೋರಿ, ಬೂದಿ, ಯೀಸ್ಟು, ಯಾವುದನ್ನೂ ಬಿಡಲಿಲ್ಲ.

ನವೊಮಿ ಮಂಚದ ಮೇಲೆ ಕುಳಿತಳು. ಅವ್ವ ಕೈಯಾರೆ ಕೊಟ್ಟದ್ದು ಹೋಯಿತಲ್ಲ ಎಂದು ಒಮ್ಮೆ ಅಂದು, ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಮಾಸ್ತರರು ಸಮಾಧಾನ ಹೇಳಲು ಹೋಗಲಿಲ್ಲ. ಔರಾದಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದರು. ನಡುಗುವ ಕೈ, ಸೂಜಿ, ಚಹಾಕ್ಕಿಂತ ಮೊದಲು ಅಕ್ಕನಿಗೆ ಸಕ್ಕರೆ. ಆಯುಷ್ಯವೆಲ್ಲ ಮಂದಿಯ ಆರೈಕೆ ಮಾಡಿ, ಒಂದು ಶಾಲು ಒಂದು ಹಾರ ಹಾಕಿಸಿಕೊಂಡು ನಿವೃತ್ತಳಾದ ಹೆಂಗಸು ನವೊಮಿ. ಬೇರೊಂದು ಊರಿನ ಅಡುಗೆಮನೆಯಲ್ಲಿ ದಿನಾ ತನ್ನ ಹೆಸರು ಕೇಳುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

"ಖರೇನಾ?"

"ಖರೇನೇ. ನನ್ನ ಕಿವಿಲೇ ಕೇಳೀನಿ."

ನವೊಮಿ ಕಣ್ಣಿನಿಂದ ಸೆರಗು ತೆಗೆದಳು. "ಸುಭದ್ರಾ ಏನಂದ್ಳು, ಇನ್ನೊಮ್ಮಿ ಹೇಳ್ರಿ."

ಮಾಸ್ತರರು ಆಕೆಯ ಪಕ್ಕದಲ್ಲಿ ಕುಳಿತು ಮೊದಲಿನಿಂದ ಹೇಳತೊಡಗಿದರು.