ಕಾಫಿಗೆ ಮೊದಲಿನ ಅಂಬು

ಕೆಂಪ್ಪೈನೆನ್ ಮನೆಯವರ ಬೇಟೆ ಕ್ಯಾಂಪಿನಲ್ಲಿ ಹಾಸಿಗೆಯಿಂದ ಎದ್ದವರು ಮೊದಲು ಮಾಡಬೇಕಾದ ಕೆಲಸ ಕಾಫಿ ಕುಡಿಯುವುದಲ್ಲ, ಅಂಬು ಬಿಡುವುದು. ಒಂದೇ ಒಂದು ಅಂಬು. ಹುಲ್ಲಿನ ಪೆಂಡಿಗೆ ಸಿಕ್ಕಿಸಿದ ಕಾಗದದ ತಟ್ಟೆಗೆ ಅದು ನಾಟಿದರೆ ಆ ದಿನ ಕಾಡಿಗೆ ಹೋಗಬಹುದು. ತಪ್ಪಿದರೆ ಒಳಗೆ ಕೂತು ಆಲೂಗಡ್ಡೆ ಸುಲಿಯಬೇಕು. ಮೈ ಬಿಸಿಯಾದ ಮೇಲೆ ಹತ್ತು ನಾಟಿಸಿದರೂ ಅದು ಲೆಕ್ಕಕ್ಕಿಲ್ಲ. ಎರಡನೆಯ ಅಂಬು ಬರುವವರೆಗೆ ಜಿಂಕೆ ನಿಂತು ಕಾಯುತ್ತದೆಯೇ ಎಂದು ಈ ಕಟ್ಟಳೆ ಮಾಡಿದ ಸಿಲ್ವಿಯ ಅಪ್ಪ ಕೇಳುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಕಟ್ಟಳೆಯನ್ನು ಮುರಿಯುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ.

ಈ ಸೆಪ್ಟೆಂಬರಿನಲ್ಲಿ, ಬೇಟೆಗೆ ಮೊದಲು ಕಾಡಿಗೆ ಹೋಗಿ ಜಾಡು ನೋಡಿಬರುವ ದಿನಗಳಲ್ಲೇ, ಆಲೂಗಡ್ಡೆಯೆಲ್ಲ ಸಿಲ್ವಿಯ ಪಾಲಿಗೇ ಬಂದಿತ್ತು.

ಸಿಲ್ವಿಗೆ ಅರವತ್ತು ದಾಟಿದೆ. ಬದುಕಿಡೀ ಶಾಲಾ ಬಸ್ಸು ಓಡಿಸಿದವಳು. ಅಮೆರಿಕದ ಮಿಶಿಗನ್ನಿನ ಉತ್ತರದ ಹಿಮದಲ್ಲಿ ಚಕ್ರ ಜಾರಿದಾಗಲೂ ಹಿಂದಿನ ಸೀಟಿನ ಗಲಾಟೆಗೆ ಗದರಿಸುವುದನ್ನು ನಿಲ್ಲಿಸಿದವಳಲ್ಲ. ಹೋದ ಚಳಿಗಾಲ ಮಾಡಿನ ಮೇಲಿನ ಹಿಮ ಎಳೆಯಲು ಹೋಗಿ ಬಿದ್ದು ಬಲ ಭುಜ ಹರಿದುಕೊಂಡಳು. ಡಾಕ್ಟರು ಹೊಲಿದು ಸರಿಮಾಡಿದರು. ಆದರೆ ಎಳೆಯಲು ಐವತ್ತೈದು ಪೌಂಡಿನ ಬಲ ಬೇಡುವ ಹಳೆಯ ಬಿಲ್ಲನ್ನು ಇನ್ನು ಮರೆತುಬಿಡಿ, ನಲವತ್ತರ ಮೇಲೆ ಎಳೆದರೆ ಮತ್ತೆ ನನ್ನ ಟೇಬಲ್ ಮೇಲೆ ಮಲಗಬೇಕಾಗುತ್ತದೆ ಎಂದೂ ಹೇಳಿದರು. ಸಿಲ್ವಿ ಸುಮ್ಮನೆ ನಲವತ್ತರ ಬಿಲ್ಲು ಕೊಂಡಳು.

ಅವಳ ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿದ್ದಷ್ಟು ಕಾಲ ಅಣ್ಣ ಆರ್ವಿಡ್ ಅವಳಿಗಾಗಿ ಅಂಬು ಮಾಡಿದ. ಬಿಲ್ಲು ಮೆತ್ತಗಾದರೆ ಅಂಬು ಭಾರವಾಗಬೇಕು ಎಂಬುದು ಆ ಕಡೆಯ ಬೇಟೆಗಾರರೆಲ್ಲರ ನಂಬಿಕೆ, ಸುಳ್ಳೂ ಅಲ್ಲ. ಹಗುರ ಅಂಬು ಜೋರಾಗಿ ಹಾರುತ್ತದೆ, ಪಕ್ಕೆಲುಬಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಭಾರದ್ದು ನಿಧಾನ, ಆದರೆ ಹೊಕ್ಕ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಆರ್ವಿಡ್ ಹಿಕರಿ ಎಂಬ ಗಟ್ಟಿ, ಭಾರದ ಮರ ತಂದು, ಕಿರುಬೆರಳಿನಷ್ಟು ದಪ್ಪದ ಕಡ್ಡಿಗಳನ್ನು ಕೂತು ಹೆರೆದು, ಉಜ್ಜಿ, ಕೆಂಪು ಗರಿ ಅಂಟಿಸಿದ. ಬಾಯಲ್ಲಿ ಒಂದು ಒಳ್ಳೆಯ ಮಾತು ಬಾರದ ಮನುಷ್ಯ ತಂಗಿಯ ಮೇಲಿನ ಪ್ರೀತಿಯನ್ನೆಲ್ಲ ಆ ಕಡ್ಡಿಗಳ ಮೇಲೆ ಸುರಿದಿದ್ದ. ಅಂಥ ಅಂಬುಗಳ ಮೇಲೆ ಸಂಶಯ ಪಡುವುದಾದರೂ ಹೇಗೆ?

ಹಾಗಾಗಿ ಅಂಬು ದಿನವೂ ತಟ್ಟೆಯ ಎಡಕ್ಕೆ ಹೋದಾಗ ಸಿಲ್ವಿ ತನ್ನ ಭುಜವನ್ನೇ ಶಪಿಸಿದಳು. ಹೆದೆ ಬಿಡುವಾಗ ಕೈ ಪಕ್ಕಕ್ಕೆ ಜಗ್ಗಿದರೂ ಅಂಬು ಎಡಕ್ಕೇ ಹೋಗುತ್ತದೆ. ತನ್ನದು ಜಗ್ಗುತ್ತಿದೆ, ಹೊಲಿದ ಭುಜ ಕೈ ಕೊಡುತ್ತಿದೆ ಎಂದುಕೊಂಡಳು. ಮನೆಯಲ್ಲಿ ರಬ್ಬರ್ ಪಟ್ಟಿ ಎಳೆದೂ ಎಳೆದೂ ಸುಸ್ತಾದಳು. ಒಂದು ದಿನ ಬಚ್ಚಲಿನಲ್ಲಿ ನಿಂತು ಅತ್ತಳು ಕೂಡ.

"ಮತ್ತೆ ಎಡಕ್ಕೆ," ಎಂದ ಆರ್ವಿಡ್ ಆ ಶನಿವಾರ ಬೆಳಿಗ್ಗೆ, ಕ್ಯಾಂಪಿನ ಮೆಟ್ಟಿಲ ಮೇಲೆ ನಿಂತು.

"ನಂಗೂ ಕಣ್ಣಿದೆ."

"ಸಿಲ್ವಿ ಕೈ ಆಲೂಗಡ್ಡೇಲಿ ಚೆನ್ನಾಗಿ ಪಳಗಿದೆ ಕಣೋ," ಎಂದ ರೂಡಿ. ಅವನು ಚಿಕ್ಕಪ್ಪನ ಮಗ, ಹುಟ್ಟಿದ್ದೇ ಇನ್ನೊಬ್ಬರ ಕಾಲೆಳೆಯಲು. "ಸಿಪ್ಪೆ ನೋಡು, ಆ ಕಡೆಯಿಂದ ಈ ಕಡೆ ಕಾಣತ್ತೆ."

ಆರ್ವಿಡ್ ನಗಲಿಲ್ಲ. "ಇನ್ನೆರಡು ವಾರಕ್ಕೆ ಬೇಟೆ ಶುರು. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ನನ್ನ ಕ್ರಾಸ್‌ಬೋ ತಗೋ. ಒರಗಿಸಿಟ್ಕೊಂಡು ಗುಂಡಿ ಒತ್ತಿದ್ರೆ ಆಯ್ತು. ಭುಜಕ್ಕೆ ಕೆಲಸಾನೇ ಇಲ್ಲ."

"ಅದನ್ನ ಹಿಡ್ಕೊಂಡು ಕೂರೋದಕ್ಕಿಂತ ಮನೇಲಿ ಟಿವಿ ನೋಡ್ತೀನಿ."

"ಹಟ ಮಾಡ್ಬೇಡ ಸಿಲ್ವಿ. ಹೊಟ್ಟೆಗೆ ಅಂಬು ಬಿದ್ದು ಜೌಗಲ್ಲಿ ನರಳಿ ಸಾಯೋ ಜಿಂಕೇನ ನೀನು ನೋಡಿಲ್ವಾ?"

ನೋಡಿದ್ದಳು. ಅದಕ್ಕೇ ಆ ಮಾತು ಎದೆಗೆ ನಾಟಿತು. ತಟ್ಟೆಗೆ ಅಂಬು ನಾಟಿಸಲಾರದವಳು ಕಾಡಿಗೆ ಹೋಗುವ ಹಾಗಿಲ್ಲ, ಅದನ್ನು ಅಪ್ಪ ಹೇಳಬೇಕಾಗಿಯೇ ಇರಲಿಲ್ಲ. ಆದರೆ ಬಿಲ್ಲು ಬಿಟ್ಟರೆ ತನ್ನಲ್ಲಿ ಉಳಿಯುವುದೇನು ಎಂದು ಅವಳಿಗೆ ತಿಳಿಯಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಅಕ್ಟೋಬರ್ ಬಂದರೆ ಅವಳ ಕೈಯಲ್ಲಿ ಬಿಲ್ಲು ಇದ್ದೇ ಇತ್ತು.

ಮರುದಿನ ಬೆಳಿಗ್ಗೆ ಅವಳ ಅಂಬು ಮತ್ತೆ ಎಡಕ್ಕೆ ಹೋಗಿ, ಬಾಲ ಅಲ್ಲಾಡಿಸುತ್ತಾ ಪೆಂಡಿಯ ಅಂಚಿಗೆ ಸಿಕ್ಕಿಕೊಂಡಿತು. ಆರ್ವಿಡ್‌ಗೆ ತಡೆಯಲಾಗಲಿಲ್ಲ.

"ಕೊಡಿಲ್ಲಿ. ಬಿಲ್ಲಲ್ಲಿ ಏನೂ ಐಬಿಲ್ಲ, ತೋರಿಸ್ತೀನಿ."

ಆರ್ವಿಡ್ ತಟ್ಟೆ ತಪ್ಪಿಸಿದ್ದನ್ನು ಕ್ಯಾಂಪಿನಲ್ಲಿ ಯಾರೂ ಕಂಡಿರಲಿಲ್ಲ. ಕೆಂಪು ಗರಿಯ ಅಂಬೊಂದನ್ನು ಹೂಡಿ, ಮೆತ್ತಗಿನ ಆ ಬಿಲ್ಲನ್ನು ಕೆನ್ನೆಯವರೆಗೆ ಎಳೆದು, ಸಾವಕಾಶವಾಗಿ ನೋಡಿ ಬಿಟ್ಟ. ಅಂಬು ತಟ್ಟೆಯ ಎಡಕ್ಕೆ, ಸಿಲ್ವಿಯದಕ್ಕಿಂತಲೂ ಒಂದು ಗೇಣು ಆಚೆ ಹೋಗಿ ಬಿತ್ತು.

ರೂಡಿ ಕೆಮ್ಮಿದ. "ಆಪರೇಷನ್ ಇಬ್ಬರದ್ದೂ ಒಂದೇ ದಿನ ಆಗಿತ್ತೇನು?"

ಆರ್ವಿಡ್ ಇನ್ನೊಂದು ಹೂಡಿದ. ಅದೂ ಎಡಕ್ಕೆ.

"ಎರಡನೇದು ಲೆಕ್ಕಕ್ಕಿಲ್ಲಪ್ಪ," ಎಂದ ರೂಡಿ. "ಚಾಕು ಒಳಗಿದೆ, ಗಡ್ಡೆಗಳು ಮೂಟೇಲಿವೆ."

ಸಿಲ್ವಿಗೆ ನಗುವೂ ಬಂತು, ಸಿಟ್ಟೂ ಬಂತು. ಇಷ್ಟು ದಿನ ಪಾಪದ ಭುಜವನ್ನು ಬೈದಿದ್ದೇ ಬೈದಿದ್ದು. ಅವಳು ಪೆಂಡಿಯಿಂದ ಅಂಬು ಕಿತ್ತು, ಎರಡು ತುದಿ ಹಿಡಿದು ಮಂಡಿಗೆ ಒತ್ತಿದಳು. ಕಡ್ಡಿ ಜಪ್ಪಯ್ಯ ಅಂದರೂ ಬಾಗಲಿಲ್ಲ.

"ಆರ್ವಿಡ್, ಇದು ಬಳುಕ್ತಾನೇ ಇಲ್ಲ."

ಹೆದೆಯ ಏಟು ಬಿದ್ದಾಗ ಅಂಬು ಮೀನಿನಂತೆ ಬಳುಕಿ ಬಿಲ್ಲಿನ ಪಕ್ಕದಿಂದ ನುಸುಳಿಹೋಗಬೇಕು. ಬಳುಕದ ಕಡ್ಡಿ ಬಿಲ್ಲಿಗೇ ಉಜ್ಜಿಕೊಂಡು ಎಡಕ್ಕೆ ಸಿಡಿಯುತ್ತದೆ. ಇದು ಮೂವರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಬದುಕೆಲ್ಲ ಐವತ್ತೈದು ಪೌಂಡು ಎಳೆದವರು ಅವರು. ಅಷ್ಟು ಜೋರಿನ ಏಟಿಗೆ ಗೂಟವೂ ಬಳುಕೀತು. ಈ ನಲವತ್ತರ ಬಿಲ್ಲಿಗೆ ಹಿಕರಿಯನ್ನು ಬಗ್ಗಿಸುವ ತಾಕತ್ತು ಎಲ್ಲಿಂದ ಬರಬೇಕು?

"ಭಾರ ಬೇಕಿತ್ತು, ಭಾರ ಮಾಡಿದೆ," ಎಂದ ಆರ್ವಿಡ್. ಅವನ ಮುಖ ಕಪ್ಪಿಟ್ಟಿತ್ತು.

"ಭಾರಾನೂ ಮಾಡಿದೆ, ಬೇಲಿ ಗೂಟಾನೂ ಮಾಡಿದೆ."

"ತೆಳ್ಳಗೆ ಮಾಡಿದ್ರೆ ಭಾರ ಎಲ್ಲಿಂದ ಬರತ್ತೆ, ಹೇಳು."

"ಮೊನೆಯಿಂದ. ಕಡ್ಡಿ ತೆಳ್ಳಗಿರ್ಲಿ, ಉದ್ದ ಇರ್ಲಿ, ತೂಕ ಎಲ್ಲಾ ಮುಂದೆ ಇರ್ಲಿ. ಮೂಗು ಭಾರ ಆದಷ್ಟೂ ಕಡ್ಡಿ ಚೆನ್ನಾಗಿ ಬಳುಕತ್ತೆ."

ಆರ್ವಿಡ್ ಹಬೆ ಸ್ನಾನದ ಸೌನಾ ಕೋಣೆಯ ಒಲೆಗೆ ಸೌದೆ ಒಡೆಯಲು ಹೋದ. ಸೌನಾಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚೇ ಒಡೆದ.

ಸಿಲ್ವಿ ಕೊಟ್ಟಿಗೆಯ ಅಟ್ಟದಿಂದ ಫರ್ ಎಂಬ ಹಗುರ ಮರದ ಹಳೆಯ ಕಡ್ಡಿಗಳ ಕಟ್ಟನ್ನು ಇಳಿಸಿದಳು. ಎರಡು ಮೊಳೆಗಳ ಮೇಲೆ ಒಂದೊಂದೇ ಕಡ್ಡಿ ಅಡ್ಡ ಇಟ್ಟು, ನಡುವಿಗೆ ಬಾಗಿಲ ಬೀಗ ನೇತುಹಾಕಿ, ಎಷ್ಟು ಜೋಲುತ್ತದೆಂದು ನೋಡಿದಳು. ಜೋಲದವು ಒಲೆಯ ಪಾಲಾದವು. ಅತಿಯಾಗಿ ಜೋತವು ರೂಡಿಯ ಟೊಮೇಟೊ ಗಿಡಕ್ಕೆ ಹೋದವು. ಒಂದೇ ಸಮ ಜೋತ ಆರು ಕಡ್ಡಿ ಉಳಿದವು. ಅವುಗಳ ಮೂಗಿಗೆ ಭಾರದ ಲೋಹದ ಮೊನೆ ಕೂರಿಸಿ, ಗರಿ ಅಂಟಿಸದೆ, ಬೋಳು ಅಂಬನ್ನೇ ಹತ್ತಿರದಿಂದ ಬಿಟ್ಟಳು. ಗರಿ ಇದ್ದರೆ ತಪ್ಪುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಬೋಳು ಅಂಬಿಗೆ ಸುಳ್ಳು ಹೇಳಲು ಬಾರದು. ಮೊದಲನೆಯದು ಬಲಕ್ಕೆ ಹೋಯಿತು. ಸಿಲ್ವಿಗೆ ಕುಣಿಯುವಷ್ಟು ಸಂತೋಷ. ಬಲಕ್ಕೆ ಹೋದರೆ ಬಳುಕು ಹೆಚ್ಚಾಯಿತು ಎಂದರ್ಥ, ಹೆಚ್ಚಾದುದನ್ನು ತಗ್ಗಿಸಬಹುದು. ಕಡ್ಡಿ ಗಿಡ್ಡವಾದಷ್ಟೂ ಬಳುಕು ಕಡಿಮೆ. ಹಿಂದಿನ ತುದಿ ಚೂರು ಕತ್ತರಿಸಿ ಬಿಡುವುದು, ಮತ್ತೆ ಚೂರು ಕತ್ತರಿಸಿ ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಬೋಳು ಅಂಬು ಬಾಲ ಅಲ್ಲಾಡಿಸದೆ ನೇರ ಹೋಗಿ ನಾಟಿತು.

ಅವಳು ಗರಿ ಅಂಟಿಸುತ್ತಿದ್ದಾಗ ಆರ್ವಿಡ್ ಒಳಗೆ ಬಂದು ಎದುರಿಗೆ ಕೂತ.

"ಬೇಟೆಗೆ ಯಾವ ಮೊನೆ?"

"ಎರಡಲಗಿಂದು. ಕಿರಿದಾಗಿರೋದು. ನಾಲ್ಕಲಗಿಂದನ್ನ ಒಳಕ್ಕೆ ತಳ್ಳೋ ಶಕ್ತಿ ಈ ಬಿಲ್ಲಿಗಿಲ್ಲ."

"ಮಸೆದಿದ್ಯಾ?"

"ಇನ್ನೂ ಇಲ್ಲ."

ಅವನು ಕೈ ಚಾಚಿದ. ಅವಳು ಆರೂ ಮೊನೆಗಳನ್ನು ಅವನ ಅಂಗೈಗೆ ಹಾಕಿದಳು. ಊಟದ ಹೊತ್ತಿನವರೆಗೆ ಮಸೆದ. ತನ್ನ ಮೊಣಕೈವರೆಗಿನ ಕೂದಲೆಲ್ಲ ಬೋಳಿಸಿ ಪರೀಕ್ಷೆ ಮಾಡಿದ ಮೇಲೆಯೇ ಎದ್ದ. ಕ್ಷಮೆ ಕೇಳಲು ಅವನಿಗೆ ಬಾರದು. ಮಸೆಯಲು ಬರುತ್ತದೆ.

ಅಕ್ಟೋಬರ್ ಮೊದಲ ದಿನ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಸಿಲ್ವಿ ಬಿಟ್ಟ ಅಂಬು ತಟ್ಟೆಯ ನಡುವಿಗೆ ಟಪ್ಪೆಂದು ನಾಟಿತು. ರೂಡಿ ಅವಳ ಕಾಫಿಯನ್ನು ತಾನೇ ಬಗ್ಗಿಸಿ ತಂದುಕೊಟ್ಟ.

ಅವಳು ದೂರದ ಹೊಡೆತದ ಆಸೆಯನ್ನೇ ಬಿಟ್ಟಿದ್ದಳು. ತೊರೆ ದಾಟುವಲ್ಲಿ ಉರುಳಿಬಿದ್ದ ಹೆಮ್ಲಾಕ್ ಮರದ ಹಿಂದೆ, ಜಿಂಕೆಗಳ ಜಾಡಿಗೆ ತೀರ ಹತ್ತಿರ ಕೂತಳು. ಬಿಸಿಲು ಏರುವ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಇಳಿದು ಬಂತು. ಮರಿ ಜೊತೆಗಿರಲಿಲ್ಲ. ಅದು ಎದುರಿಗೆ ಮುಖ ಮಾಡಿ ನಿಂತಿತು, ಸಿಲ್ವಿ ಬಿಲ್ಲೆತ್ತಲಿಲ್ಲ. ನೀರಿಗೆ ಬಾಗಿತು, ಆಗಲೂ ಎತ್ತಲಿಲ್ಲ. ಕೊನೆಗೆ ಪಕ್ಕೆ ತೋರಿಸಿ ಒಂದು ಹೆಜ್ಜೆ ಮುಂದಿಟ್ಟಾಗ ಅವಳು ಎಳೆದಳು. ಭುಜ ನೋಯಲಿಲ್ಲ. ಅಂಬು ಹೋದದ್ದು ಅವಳಿಗೆ ಕಾಣಲೇ ಇಲ್ಲ. ಜಿಂಕೆ ಬೆಚ್ಚಿ ನೆಗೆದು, ಜರಿಗಿಡಗಳ ನಡುವೆ ಓಡಿ, ಅವಳ ಕಣ್ಣೆದುರಿಗೇ ಕುಸಿಯಿತು. ನರಳಲಿಲ್ಲ. ಸಿಲ್ವಿ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಜಿಂಕೆಗಾಗಿಯೂ ಅತ್ತಳು, ತನಗಾಗಿಯೂ.

ಅವಳು ಕರೆದಾಗ ಆರ್ವಿಡ್ ಬಂದ. ಮೊಣಕಾಲೂರಿ ಜಿಂಕೆಯ ಆ ಪಕ್ಕೆ ಈ ಪಕ್ಕೆ ಎರಡನ್ನೂ ಸವರಿ ನೋಡಿದ. ಆಮೇಲೆ ತೊರೆಯ ಆಚೆ ದಂಡೆಯ ಕೆಸರಿನಲ್ಲಿ ಗರಿಯವರೆಗೆ ಹೂತಿದ್ದ ಅಂಬನ್ನು ಕಿತ್ತು ತಂದ.

"ಪೂರ್ತಿ ಹಾದುಹೋಗಿದೆ," ಎಂದ. ಆ ಅಂಬನ್ನು ನೀರಿನಲ್ಲಿ ತೊಳೆದವನು ಅದನ್ನು ಅವಳಿಗೆ ಕೊಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ತುದಿಯನ್ನು ಮೆಲ್ಲಗೆ ಬಗ್ಗಿಸಿ ನೋಡುತ್ತಿದ್ದ.

"ಸಿಲ್ವಿ, ಹೋದ ವರ್ಷ ಆ ದೊಡ್ಡ ಗಂಡು ಜಿಂಕೆ ನನ್ನ ಎದುರಿಗೆ ಬಂದಿತ್ತಲ್ಲ."

"ಗಾಳಿ ತಿರುಗಿ, ವಾಸನೆ ಹತ್ತಿ ಓಡಿಹೋಯ್ತು ಅಂತ ನೀನು ಅಂದಿದ್ದೆ."

"ಓಡಿಹೋಗ್ಲಿಲ್ಲ. ನಿಂತೇ ಇತ್ತು. ತಟ್ಟೆಗಾದ್ರೆ ಹೇಗೋ ಎಳೀತೀನಿ, ಅವತ್ತು ಚಳೀಲಿ ಕೂತು ಕೂತು ನನಗೇ ಬಿಲ್ಲು ಪೂರ್ತಿ ಎಳೆಯೋಕಾಗ್ಲಿಲ್ಲ." ಅವನು ಅವಳತ್ತ ನೋಡಲಿಲ್ಲ. "ಆ ಕ್ರಾಸ್‌ಬೋ ನಿನಗೋಸ್ಕರ ತಂದಿದ್ದಲ್ಲ."

ಈ ಮಾತು ಹೊರಗೆ ಬರಲು ಅವನಿಗೆ ಒಂದು ವರ್ಷ ಹಿಡಿದಿದೆ ಎಂದು ಅವಳಿಗೆ ತಿಳಿಯಿತು.

"ನಿನ್ನ ಬಿಲ್ಲಿನಂಥದ್ದು ಇನ್ನೊಂದು ಸಿಗತ್ತಾ?" ಎಂದು ಕೇಳಿದ.

"ಸಿಗತ್ತೆ," ಎಂದಳು ಸಿಲ್ವಿ. "ಅಂಬು ಮಾತ್ರ ನಾನೇ ಆರಿಸಿಕೊಡ್ತೀನಿ."