ಗಾಜಿನ ಕೆಳಗಿನ ಮಧ್ಯಾಹ್ನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನು ಹೇಳುವ ಮಾತಲ್ಲ. ನನ್ನ ಹೆಂಡತಿ ಹೇಳುತ್ತಾಳೆ, ನಮ್ಮ ಬೀದಿಯ ಗಾಜಿನಂಗಡಿಯವನು ಹೇಳುತ್ತಾನೆ, ಪಾಲಿಶ್ ಆರದ ಬಾಗಿಲಿನ ಮೇಲೆ ಕೈಯಿಟ್ಟು ಬೈಸಿಕೊಂಡ ಗಿರಾಕಿಗಳೆಲ್ಲ ಹೇಳುತ್ತಾರೆ. ಹೇಳದವಳು ಅಕ್ಕ ಒಬ್ಬಳೇ. ನನ್ನ ಕೂಗಾಟವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, "ಮುಗೀತಾ? ಈಗ ಒಂದು ಲೋಟ ನೀರು ಕುಡಿ" ಅನ್ನುತ್ತಾಳೆ.

ಆ ಅಕ್ಕನಿಗೆ ನಾನೊಂದು ಮಾತು ಹೇಳಬೇಕಿತ್ತು. ನಲವತ್ತು ವರ್ಷದಿಂದ ಹೇಳಬೇಕಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ನಾನೊಬ್ಬ ಮೇಸ್ತ್ರಿಯ ಹತ್ತಿರ ಮರಗೆಲಸ ಕಲಿಯಲು ಸೇರಿದೆ. ಕೊಯ್ಯುವುದು, ಜೋಡಿಸುವುದು, ಕೆತ್ತುವುದು ಎಲ್ಲ ಬೇಗ ಕೈಗೆ ಹತ್ತಿತು. ಹತ್ತದಿದ್ದದ್ದು ಮರಳು ಕಾಗದ. ಕೂತು ಉಜ್ಜು ಎಂದರೆ ನನಗೆ ಮೈಯೆಲ್ಲ ಉರಿ. ಮೇಸ್ತ್ರಿಗೋ, ಉಜ್ಜಿದ್ದೇ ಕೆಲಸ, ಮಿಕ್ಕಿದ್ದೆಲ್ಲ ತಯಾರಿ. ಪ್ರತಿ ಹಲಗೆಯ ಮೇಲೂ ಕಣ್ಣು ಮುಚ್ಚಿಕೊಂಡು ಬೆರಳಾಡಿಸುತ್ತಿದ್ದರು. ಎಲ್ಲಾದರೂ ಬೆರಳು ತಡೆಯಿತೋ, ಆ ಹಲಗೆ ಬೀದಿಗೆ. ನನ್ನವು ಮೂರು ಬೀದಿಗೆ ಹೋದವು. "ನಾಲ್ಕನೇದರ ಜೊತೆ ನೀನೂ ಹೋಗ್ತೀಯ" ಅಂದರು.

ಆ ವಾರದಿಂದ ನಾನು ಹಲಗೆಗಳನ್ನು ಮನೆಗೆ ತರತೊಡಗಿದೆ. ಮನೆಯೆಂದರೆ ಒಂದು ಬಾಡಿಗೆ ಕೋಣೆ, ಅದರಲ್ಲಿ ಅಕ್ಕ ಮತ್ತು ನಾನು. ಆರು ದಿನ ಹೊಲಿಗೆ ಶೆಡ್ಡಿನಲ್ಲಿ ಬೆನ್ನು ಬಗ್ಗಿಸಿ ದುಡಿದ ಅಕ್ಕ, ಇದ್ದ ಒಂದೇ ರಜೆಯ ಮಧ್ಯಾಹ್ನ ಕಿಟಕಿಯ ಕೆಳಗೆ ಕೂತು ನನ್ನ ಹಲಗೆ ಉಜ್ಜುತ್ತಿದ್ದಳು. ಮೇಸ್ತ್ರಿಯ ಹಾಗೆಯೇ ಕಣ್ಣು ಮುಚ್ಚಿ ಪರೀಕ್ಷೆ ಮಾಡುವುದನ್ನೂ ಕಲಿತಳು. ನಾನು? ಪಕ್ಕದಲ್ಲಿ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದೆ. ಹೀಗೆ ಆರು ವರ್ಷ. ಅವಳ ಬೆರಳ ತುದಿಯ ಗೆರೆಗಳು ಸವೆದೇ ಹೋದವು. ಮೇಸ್ತ್ರಿ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಏನು ಕೈಯಪ್ಪಾ ಇವನದು!" ಎಂದಾಗ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಅವರಿಗೂ ನಿಜ ಹೇಳಲಿಲ್ಲ, ಅಕ್ಕನಿಗೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಆಮೇಲೆ ನನ್ನದೇ ಕಾರ್ಖಾನೆ ಆಯಿತು, ಉಜ್ಜುವ ಯಂತ್ರ ಬಂತು, ಆ ಮಾತು ಹೇಳಲು ನಾಲಿಗೆ ಹೊರಳದೇ ಹೋಯಿತು. ಬೈಯಲು ಮಾತ್ರ ಚೆನ್ನಾಗಿ ಹೊರಳುತ್ತದೆ.

ವಯಸ್ಸಾಯಿತೆಂದು ಈ ವರ್ಷ ಕಾರ್ಖಾನೆ ಮುಚ್ಚುವ ಮೊದಲು ಕೊನೆಯ ಕೆಲಸ ಅಕ್ಕನಿಗೇ ಎಂದು ನಿರ್ಧರಿಸಿದೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ. ಎರಡು ಬೀದಿಯಾಚೆ ಒಬ್ಬಳೇ ಇರುವ ಅವಳ ಕುರ್ಚಿಯ ಪಕ್ಕಕ್ಕೆ ಮೊಣಕಾಲೆತ್ತರದ ಒಂದು ಪುಟ್ಟ ಮೇಜು, ರೇಡಿಯೋ ಮತ್ತು ನೀರಿನ ಲೋಟ ಇಡುವಷ್ಟು. ಹಳೆಯ ಬಾಗಿಲೊಂದರ ಸಾಗುವಾನಿ ಎತ್ತಿಟ್ಟಿದ್ದೆ. ಕಾಲು ನಾಲ್ಕೂ ಮೊಳೆಯಿಲ್ಲದೆ ಕೂತವು. ಮೇಲಿನ ಹಲಗೆಯಲ್ಲಿ, ಅಂಚಿಗಿಂತ ಅರ್ಧ ಬೆರಳು ತಗ್ಗಿಸಿ, ಆ ಕೋಣೆಯನ್ನು ಕೆತ್ತಿದೆ. ಒಂದು ಸರಳು ಕಿತ್ತುಹೋಗಿದ್ದ ಕಿಟಕಿ, ಆ ಸಂದಿಯಿಂದ ನುಗ್ಗುತ್ತಿದ್ದ ಪಕ್ಕದ ಮನೆ ಬೆಕ್ಕು, ತೊಡೆಯ ಮೇಲೆ ಹಲಗೆಯಿಟ್ಟುಕೊಂಡ ಅಕ್ಕ, ಅವಳ ಪಕ್ಕ ಬಾಯಿ ತೆರೆದು ಮಲಗಿದ ನಾನು. ಅದಕ್ಕೇ ಒಂದು ತಿಂಗಳು ಹಿಡಿಯಿತು.

"ಇಷ್ಟೊಂದು ಸಂದಿಗೊಂದಿ! ಧೂಳು ಒರೆಸೋರು ಯಾರು?" ಎಂದು ಕೇಳಿದಳು ಹೆಂಡತಿ. ಸರಿ, ಮೇಲೆ ಗಾಜು ಎಂದಾಯಿತು.

ಗಾಜಿನಂಗಡಿಯವನು ತಂದ ಗಾಜು ಮೇಜಿನ ಅಂಚಿನ ಚೌಕಟ್ಟಿನೊಳಗೆ ಇಳಿಯಲಿಲ್ಲ, ಕೂದಲೆಳೆಯಷ್ಟು ದೊಡ್ಡದು. ಅವನ ಏಳು ತಲೆಮಾರನ್ನೂ ನೆನೆಸಿಕೊಂಡು ಕೂಗಾಡಿದೆ. ಅವನು ತನ್ನ ಅಳತೆಪಟ್ಟಿಯನ್ನು ನನ್ನದರ ಪಕ್ಕಕ್ಕಿಟ್ಟ. ನನ್ನದರ ತುದಿಯ ಕೊಕ್ಕೆಯೇ ಸೊಟ್ಟಗಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಚೌಕಟ್ಟಿನ ಒಳಂಚನ್ನು ಒಂದು ಸಿಪ್ಪೆಯಷ್ಟು ಹೆರೆದೆ. ಸುತ್ತ ಮರದ ಪಟ್ಟಿ, ಹದಿನಾರು ಸ್ಕ್ರೂ. ಭದ್ರವಾಗಿ ಕೂತಿತು.

ಒಂದು ತಪ್ಪೊಪ್ಪಿಗೆ. ಕೆತ್ತನೆಯೊಳಗೆ ಯಂತ್ರ ಹೋಗುವುದಿಲ್ಲ, ಕಾಗದ ಮಡಚಿ ಕೈಯಲ್ಲೇ ಉಜ್ಜಬೇಕು. ಅಕ್ಕನ ಆಕೃತಿಯನ್ನು ಹೇಗೋ ಉಜ್ಜಿ ಮುಗಿಸಿದೆ. ನನ್ನದರ ಹೊತ್ತಿಗೆ ತಾಳ್ಮೆ ಕೈಕೊಟ್ಟಿತು. ಗಾಜಿನ ಕೆಳಗೆ ಯಾರು ಬೆರಳಾಡಿಸುತ್ತಾರೆ ಎಂದು ಹಾಗೇ ಬಿಟ್ಟೆ. ಹುಟ್ಟುಗುಣ.

ಭಾನುವಾರ ಬೆಳಿಗ್ಗೆ ಎಂದಿನಂತೆ ಅಕ್ಕ ನಮ್ಮ ಮನೆಗೆ ಬಂದಳು. ಮೇಜನ್ನು ಅವಳ ಮುಂದಿಟ್ಟು, ಫಲಿತಾಂಶ ಕಾಯುವ ಹುಡುಗನಂತೆ ನಿಂತೆ. ಅವಳು ಕಣ್ಣು ಮುಚ್ಚಿ ಕಾಲುಗಳನ್ನು ಸವರಿದಳು, ಅಂಚು ಸವರಿದಳು, ಗಾಜಿನ ಮೇಲೆ ಅಂಗೈ ಆಡಿಸಿದಳು. ಕಣ್ಣು ತೆರೆದು ಗಾಜಿನತ್ತ ಬಗ್ಗಿದಳು.

"ತುಂಬಾ ಚೆನ್ನಾಗಿದೆ ಕಣೋ," ಅಂದಳು. "ಹೂವಂತೂ ಎಷ್ಟು ಚಂದ ಬಂದಿದೆ!"

ಅದರಲ್ಲಿ ಒಂದೇ ಒಂದು ಹೂವಿಲ್ಲ.

"ಯಾವ ಹೂ?" ನನ್ನ ದನಿ ಏರಿತು. "ಒಂದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆತ್ತಿದ್ದೀನಿ, ನೆಟ್ಟಗೆ ನೋಡೋಕೂ ಆಗಲ್ವಾ ನಿನಗೆ?"

ಹೆಂಡತಿ ನನ್ನ ತೋಳು ಹಿಡಿದು ಒತ್ತಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅತ್ತಿಗೆ, ನಿಮಗೆ ಕಾಣಿಸ್ತಾ ಇಲ್ಲ, ಅಲ್ವಾ?"

ಅಕ್ಕ ಸೆರಗಿನ ಅಂಚು ಸರಿಮಾಡಿಕೊಂಡಳು. "ಬೆಳಕು, ನೆರಳು ಕಾಣುತ್ತೆ. ಎದುರಿಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ಎರಡು ವರ್ಷ ಆಯ್ತು. ಇನ್ನು ಮಾಡೋಕೆ ಏನೂ ಇಲ್ಲ ಅಂದ್ರು ಡಾಕ್ಟ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗಿ ಆ ಡಾಕ್ಟ್ರ ಕುತ್ತಿಗೆಪಟ್ಟಿ ಹಿಡೀತಿದ್ದೆ. ಪಾಪ, ಒಳ್ಳೆ ಮನುಷ್ಯ."

ಎರಡು ವರ್ಷ ಪ್ರತಿ ಭಾನುವಾರ ಬಂದಿದ್ದಾಳೆ. ಹೊಸ ಕುರ್ಚಿ, ಹೊಸ ಸೀರೆ, ಏನು ತೋರಿಸಿದರೂ ಕಣ್ಣು ಮುಚ್ಚಿ ಸವರಿ ಚೆನ್ನಾಗಿದೆ ಎಂದಿದ್ದಾಳೆ. ನಲವತ್ತು ವರ್ಷದಿಂದ ಹಾಗೇ ನೋಡುತ್ತಿದ್ದವಳಾದ್ದರಿಂದ ನಮಗ್ಯಾರಿಗೂ ಅನುಮಾನವೇ ಬರಲಿಲ್ಲ. ಆ ಅಭ್ಯಾಸ ಅವಳಿಗೆ ಅಂಟಿದ್ದು ನನ್ನಿಂದ. ಅಂಥವಳಿಗೆ ನಾನು ಹೇಳಬೇಕಾದ್ದನ್ನೆಲ್ಲ ಗಾಜಿನ ಕೆಳಗೆ ಹಾಕಿ, ಹದಿನಾರು ಸ್ಕ್ರೂ ಬಿಗಿದು ಕೊಟ್ಟಿದ್ದೆ.

ಸ್ಕ್ರೂಡ್ರೈವರ್ ತಂದೆ. ಹದಿನಾರನ್ನೂ ಬಿಚ್ಚಿದೆ. ಅವಸರಕ್ಕೆ ಎರಡು ಮಂಚದ ಕೆಳಗೆ ಉರುಳಿದವು. ಗಾಜನ್ನು ಎತ್ತಿ ಗೋಡೆಗೆ ಒರಗಿಸಿ, ಅಕ್ಕನ ಕೈ ಹಿಡಿದು ಮರದ ಮೇಲಿಟ್ಟೆ.

ಬೆರಳು ನಿಧಾನವಾಗಿ ನಡೆಯಿತು. "ಕಿಟಕಿ... ಅಯ್ಯೋ, ಒಂದು ಸರಳಿಲ್ಲ! ಇದು ನಮ್ಮ ಕೋಣೆ! ಇದು ಆ ಕಳ್ಳ ಬೆಕ್ಕು!" ಅವಳು ನಕ್ಕಳು. "ಇದ್ಯಾರು, ತಲೆ ಬಗ್ಗಿಸಿಕೊಂಡು... ತೊಡೆ ಮೇಲೆ ಹಲಗೆ." ಬೆರಳು ಅಲ್ಲೇ ನಿಂತಿತು. ಮತ್ತೆ ಪಕ್ಕಕ್ಕೆ ಸರಿಯಿತು. "ಇವನು?"

"ನಾನು. ಮಲಗಿದ್ದೀನಿ," ಎಂದೆ. "ಅಕ್ಕ, ನೀನು ಉಜ್ಜುವಾಗೆಲ್ಲ ನಾನು ಮಲಗಿರ್ತಿದ್ದೆ. ನಾನು ತಿಂದ ಅನ್ನ ಎಲ್ಲ ನಿನ್ನ ಕೈಯಿಂದ ಬಂದದ್ದು. ಯಾರಿಗೂ ಹೇಳ್ಲಿಲ್ಲ. ನಿನಗೂ ಹೇಳ್ಲಿಲ್ಲ." ಅಷ್ಟು ಹೇಳುವಷ್ಟರಲ್ಲೇ ಸಾಕುಬೇಕಾಗಿತ್ತು.

ಅಕ್ಕ ಕಣ್ಣಿಂದ ನೀರಿಳಿದರೂ ಒರೆಸಿಕೊಳ್ಳಲಿಲ್ಲ, ಬೆರಳು ಆ ಮಲಗಿದವನ ಮುಖದ ಮೇಲೇ ಇತ್ತು.

"ದಡ್ಡ," ಅಂದಳು. "ನೀನು ನೆಮ್ಮದಿಯಾಗಿ ಮಲಗಿರೋದು ನೋಡ್ಕೊಂಡೇ ನಾನು ಉಜ್ತಾ ಇದ್ದದ್ದು. ಅದೊಂದೇ ಹೊತ್ತಲ್ಲಿ ನೀನು ಕಿರುಚ್ತಾ ಇರ್ಲಿಲ್ಲ."

ಹೆಂಡತಿ ಅಳುತ್ತಲೇ ನಕ್ಕಳು. ಅಕ್ಕ ಮೂಗೆಳೆದುಕೊಂಡು, ಗಾಜನ್ನು ಸ್ಕ್ರೂ ಇಲ್ಲದೆ ಸುಮ್ಮನೆ ಮೇಲಿಡಬೇಕೆಂದು ಆಜ್ಞೆ ಮಾಡಿದಳು. "ಬಂದೋರಿಗೆ ಗಾಜಿರಲಿ, ನನಗೆ ಮರ ಬೇಕು." ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಇವನ ಮೂಗು ಒರಟಾಗಿದೆ. ಉಜ್ಜೇ ಇಲ್ಲ ನೀನು."

"ಮೇಲೆ ಗಾಜು ಇರುತ್ತಲ್ಲ ಅಂತ ಬಿಟ್ಟೆ," ಎಂದೆ.

"ಕೋಪ ಕೂರೋ ಜಾಗ, ಅದನ್ನೇ ಹೀಗೆ ಬಿಟ್ಟಿದ್ದೀಯ. ಮರಳು ಕಾಗದ ತಾ. ಸಣ್ಣದು."

ತಂದುಕೊಟ್ಟೆ. ಅಕ್ಕ ಕಾಗದವನ್ನು ಮಡಚಿ, ಕಣ್ಣು ಮುಚ್ಚಿ, ಉಜ್ಜತೊಡಗಿದಳು. ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತು, ಅವಳು ಮುಗಿಸುವವರೆಗೂ ಎಚ್ಚರವಾಗಿದ್ದೆ.